ಗೊತ್ತಿತ್ತು ಎಂದ ಸದಸ್ಯರು

ಸಭಾಧ್ಯಕ್ಷರ ಪೀಠದ ಕೆಳಗೆ, ಎಲ್ಲ ಸದಸ್ಯರ ಕಣ್ಣಿಗೂ ಬೀಳುವ ಜಾಗದಲ್ಲಿ ಒಂದು ಮೇಜಿದೆ. ಅಲ್ಲಿ ಕೂತವರನ್ನು ಮಾತ್ರ ಯಾರೂ ನೋಡುವುದಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ ಮೇಜಿನಲ್ಲಿ ಕೂತು ಬರೆದಿದ್ದೇನೆ. ವಿಧಾನಸಭೆಯ ವರದಿಗಾರ್ತಿ ಎಂದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಎಲ್ಲರೂ ಪೇಪರಿನವಳು ಎಂದೇ ತಿಳಿದಿದ್ದರು. ಅದಲ್ಲ. ಸದನದಲ್ಲಿ ಯಾರು ಏನು ಅಂದರೋ ಅದನ್ನು ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಒಳಗಿನ ಕೋಣೆಗೆ ಹೋಗಿ, ಬಿಡಿಸಿ ಟೈಪ್ ಮಾಡಿ ಕೊಡುವುದು ನಮ್ಮ ಕೆಲಸ. ಹತ್ತು ನಿಮಿಷ ಒಬ್ಬರು ಬರೆದರೆ ಮುಂದಿನ ಹತ್ತು ನಿಮಿಷ ಇನ್ನೊಬ್ಬರು. ಹೀಗೆ ಸೇರಿದ ಹಾಳೆಗಳೇ ಕೊನೆಗೆ ನಡವಳಿ ಎಂಬ ದಪ್ಪ ಪುಸ್ತಕವಾಗಿ ಗ್ರಂಥಾಲಯಕ್ಕೆ ಹೋಗುತ್ತವೆ.

ಈಗ ನಾನು ಆ ಕೆಲಸದಲ್ಲಿಲ್ಲ. ಅದಕ್ಕೇ ಒಂದು ಮಾತಿನ ಬಗ್ಗೆ ಬರೆಯುವ ಧೈರ್ಯ ಬಂದಿದೆ. ಅದನ್ನು ಆಡಿದವರು ನಮ್ಮ ಜಿಲ್ಲೆಯಿಂದ ಒಂದೇ ಒಂದು ಅವಧಿಗೆ ಆರಿಸಿ ಬಂದಿದ್ದ ಸದಸ್ಯರು. ಯಾವ ಪಕ್ಷ, ಯಾವ ಅವಧಿ ಎಂದು ಹೇಳುವುದಿಲ್ಲ. ಹೇಳಿದರೂ ಈ ಸಂಗತಿಯೇನೂ ಬದಲಾಗುವುದಿಲ್ಲ.

ಅವರು ಸದಸ್ಯರಾಗುವುದಕ್ಕೆ ಬಹಳ ಮೊದಲೇ ನನಗೆ ಪರಿಚಯವಿತ್ತು. ಪಿಯುಸಿ ಮುಗಿಸಿ ನಾನು ಗದಗದ ಸ್ಟೇಷನ್ ಕಡೆಯ ಒಂದು ಮಹಡಿಯ ಮೇಲೆ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಅವರು ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಿಳಿ ಅಂಗಿ, ಎಣ್ಣೆ ಹಚ್ಚಿದ ಕೂದಲು, ಕಂಕುಳಲ್ಲಿ ನೋಟುಬುಕ್ಕು. ಶೀಘ್ರಲಿಪಿ ಕಲಿಯುವವರನ್ನು ಮಾಸ್ತರು ಇಬ್ಬಿಬ್ಬರಾಗಿ ಕೂರಿಸುತ್ತಿದ್ದರು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬರೆಯಬೇಕು. ಅವರ ಜೋಡಿಯಾಗಲು ಯಾರೂ ಒಪ್ಪುತ್ತಿರಲಿಲ್ಲ, ಏಕೆಂದರೆ ಅವರು ಉಗ್ಗುತ್ತಿದ್ದರು. ಒಂದು ಶಬ್ದ ಗಂಟಲಲ್ಲಿ ಸಿಕ್ಕಿಕೊಂಡರೆ ಕಣ್ಣು ಮುಚ್ಚಿಕೊಂಡು ಗದ್ದ ಎತ್ತಿ ನಿಂತುಬಿಡುತ್ತಿದ್ದರು. ಎದುರಿಗಿದ್ದವರು ತಡೆಯಲಾರದೆ ತಾವೇ ಆ ಶಬ್ದವನ್ನು ಹೇಳಿ ಮುಗಿಸುತ್ತಿದ್ದರು. ಹಾಗೆ ಮುಗಿಸಿದಾಗ ಅವರ ಮುಖ ಸಣ್ಣದಾಗುತ್ತಿತ್ತು.

ಮಾಸ್ತರು ಅವರನ್ನು ನನ್ನ ಎದುರು ಕೂರಿಸಿದರು. ಮೊದಲ ವಾರ ನನಗೂ ಸಿಟ್ಟು ಬಂತು. ಆಮೇಲೆ ರೂಢಿಯಾಯಿತು. ಪೆನ್ಸಿಲನ್ನು ಹಾಳೆಯಿಂದ ಒಂದು ಎಳೆ ಮೇಲೆ ಹಿಡಿದು ಸುಮ್ಮನೆ ಕಾಯುವುದು. ಶಬ್ದ ಬರುತ್ತಿತ್ತು, ಯಾವಾಗಲೂ ಬರುತ್ತಿತ್ತು. ಒಂದೂವರೆ ವರ್ಷ ಹೀಗೆ ಅವರ ಓದನ್ನು ಬರೆದುಕೊಂಡೇ ನಾನು ಪರೀಕ್ಷೆ ಪಾಸಾಗಿ ಬೆಂಗಳೂರಿಗೆ ಹೋದೆ. ಅವರು ಶಿರಹಟ್ಟಿಯಲ್ಲಿ ತಾಲ್ಲೂಕು ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಜನರ ಅರ್ಜಿ ಬರೆದುಕೊಡುತ್ತಿದ್ದಾರೆ ಎಂದು ನಂತರ ಕೇಳಿದೆ. ಪಹಣಿ, ಪಿಂಚಣಿ, ಜಾತಿ ಪ್ರಮಾಣಪತ್ರ, ಬೋರ್‌ವೆಲ್ ಎಲ್ಲದಕ್ಕೂ ಜನ ಅವರ ಮುಂದೆಯೇ ಕೂರುತ್ತಿದ್ದರು. ಜನ ಮಾತಾಡುತ್ತಿದ್ದರು, ಅವರು ಟೈಪ್ ಮಾಡುತ್ತಿದ್ದರು. ಹದಿನೈದು ವರ್ಷ ಅದೇ ನಡೆಯಿತು.

ಚುನಾವಣೆ ಬಂದಾಗ ಅವರ ಪಕ್ಷದಲ್ಲಿ ಇಬ್ಬರು ದೊಡ್ಡವರು ಟಿಕೆಟ್ಟಿಗಾಗಿ ಜಗಳವಾಡಿದರು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಸೋಲಿಸುವುದು ಖಾತ್ರಿಯಾಗಿತ್ತು. ಇಬ್ಬರಿಗೂ ತೊಂದರೆ ಕೊಡದ ಮನುಷ್ಯ ಎಂದು ಅರ್ಜಿ ಬರೆಯುವವರಿಗೆ ಟಿಕೆಟ್ ಬಂತು. ಅವರು ಭಾಷಣ ಮಾಡಲಿಲ್ಲ. ಮನೆ ಮನೆಗೆ ಹೋಗಿ ಕೈಮುಗಿದರು. ಊರೂರಲ್ಲೂ ಅವರು ಬರೆದುಕೊಟ್ಟ ಅರ್ಜಿಯಿಂದ ಏನಾದರೂ ದಕ್ಕಿಸಿಕೊಂಡವರಿದ್ದರು. ಗೆದ್ದುಬಿಟ್ಟರು.

ಪ್ರಮಾಣವಚನದ ದಿನ ಮೇಜಿನಲ್ಲಿ ನನ್ನ ಸರದಿಯಿತ್ತು. ಅವರ ಹೆಸರು ಕೂಗಿದರು. ಅವರು ಕಾಗದ ಹಿಡಿದು ಹಾಡಿನ ಹಾಗೆ ಎಳೆದೆಳೆದು ಓದಿ ಮುಗಿಸಿದರು. ಉಗ್ಗುವವರಿಗೆ ರಾಗದಲ್ಲಿ ಶಬ್ದ ಸಿಕ್ಕಿಕೊಳ್ಳುವುದಿಲ್ಲ. ಹೊಸಬ ಭಕ್ತಿಯಿಂದ ಓದುತ್ತಿದ್ದಾನೆ ಎಂದು ಉಳಿದವರು ತಿಳಿದರು. ಕುರ್ಚಿಗೆ ಮರಳುವಾಗ ನನ್ನನ್ನು ಗುರುತಿಸಿ, ಕಣ್ಣಲ್ಲೇ ನಕ್ಕರು. ನಾವು ಸದಸ್ಯರ ಜೊತೆ ಸಲಿಗೆಯಿಂದ ಇರುವ ಹಾಗಿಲ್ಲ. ನಾನು ತಲೆ ಬಗ್ಗಿಸಿ ಬರೆದೆ.

ಆಮೇಲೆ ಮೂರು ವರ್ಷ ಅವರು ಬಾಯಿ ಬಿಡಲಿಲ್ಲ. ದಿನವೂ ಬರುತ್ತಿದ್ದರು, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು, ಲಿಖಿತ ಪ್ರಶ್ನೆಗಳನ್ನು ತಾವೇ ಟೈಪ್ ಮಾಡಿ ಕೊಡುತ್ತಿದ್ದರು. ಆದರೆ ಎದ್ದು ನಿಂತು ಮಾತಾಡಲಿಲ್ಲ. ಸದನದಲ್ಲಿ ಮಾತಾಡದ ಸದಸ್ಯರ ಪಟ್ಟಿಯೊಂದು ಪತ್ರಿಕೆಯಲ್ಲಿ ಬಂದಾಗ ಅದರಲ್ಲಿ ಅವರ ಫೋಟೋ ಇತ್ತು. ನಾನು ರಜೆಗೆ ಬೆಟಗೇರಿಗೆ ಹೋದಾಗ ತಮ್ಮ ಅದನ್ನು ಫೋನಿನಲ್ಲಿ ತೋರಿಸಿದ. ‘ಅಕ್ಕಾ, ನಮ್ಮ ಸಾಹೇಬ್ರು ಅಲ್ಲಿ ಏನ್ ಮಾಡತಾರ? ನಿದ್ದಿ ಮಾಡತಾರೇನು?’ ಎಂದು ನಕ್ಕ. ಉಗ್ಗಿನ ವಿಷಯ ಅವನಿಗೂ ಗೊತ್ತಿತ್ತು, ಜಿಲ್ಲೆಗೆಲ್ಲ ಗೊತ್ತಿತ್ತು. ನನಗೆ ನಗು ಬರಲಿಲ್ಲ.

ನಾಲ್ಕನೆಯ ವರ್ಷ ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ಆ ಹತ್ತು ದಿನ ನನಗೆ ಸಂತೋಷವೂ ಇರುತ್ತಿತ್ತು. ಶನಿವಾರ ರೈಲು ಹತ್ತಿದರೆ ಗದಗ ಹತ್ತಿರ, ಭಾನುವಾರ ಅವ್ವನ ಕೈಯ ರೊಟ್ಟಿ. ಆ ಸಲದ ಶುಕ್ರವಾರ ಪ್ರಶ್ನೋತ್ತರದ ಪಟ್ಟಿಯಲ್ಲಿ ಅವರ ಪ್ರಶ್ನೆಯಿತ್ತು. ಮುಂಡರಗಿ ಕಡೆ ಹೊಳೆಯಿಂದ ಒಂದು ಹಳ್ಳಿಗೆ ಕುಡಿಯುವ ನೀರು ತರುವ ಕಾಮಗಾರಿ ಯಾವ ಹಂತದಲ್ಲಿದೆ ಎಂಬ ಪ್ರಶ್ನೆ. ಕಾಮಗಾರಿ ಮುಗಿದಿದೆ, ಮಾನ್ಯ ಸದಸ್ಯರೇ ಉದ್ಘಾಟಿಸಿದ್ದಾರೆ, ಎಲ್ಲ ಮನೆಗಳಿಗೂ ನೀರು ಹೋಗುತ್ತಿದೆ ಎಂದು ಉತ್ತರ ಅಚ್ಚಾಗಿತ್ತು. ಸರ್ಕಾರ ಅವರ ಪಕ್ಷದ್ದೇ.

ಪ್ರಶ್ನೋತ್ತರ ಶುರುವಾಗುವಾಗಲೇ ಬೇರೆ ಯಾವುದೋ ವಿಷಯಕ್ಕೆ ವಿರೋಧ ಪಕ್ಷದವರು ನುಗ್ಗಿ ಬಂದು ಪೀಠದ ಮುಂದೆ, ಅಂದರೆ ನಮ್ಮ ಮೇಜಿನ ಸುತ್ತ, ನಿಂತು ಘೋಷಣೆ ಕೂಗುತ್ತಿದ್ದರು. ಆ ಗದ್ದಲದಲ್ಲೇ ಸಭಾಧ್ಯಕ್ಷರು ಒಂದೊಂದೇ ಪ್ರಶ್ನೆ ಕರೆದು ದಾಟಿಸುತ್ತಿದ್ದರು. ‘ಉತ್ತರ ಮಂಡಿಸಲಾಗಿದೆ, ಮುಂದಿನದು.’ ನನ್ನ ಸರದಿ ಆಗಷ್ಟೇ ಶುರುವಾಗಿತ್ತು. ಸಭಾಧ್ಯಕ್ಷರು ಅವರ ಹೆಸರು ಕರೆದರು. ಉತ್ತರ ಮಂಡನೆಯಾಯಿತು. ಅಲ್ಲಿಗೆ ಮುಗಿಯಬೇಕಿತ್ತು.

ಅವರು ಎದ್ದರು. ತಮ್ಮ ಮೈಕು ಹತ್ತಲಿಲ್ಲ ಎಂದು ಕೈಸನ್ನೆ ಮಾಡಿ, ಮೆಟ್ಟಿಲಿಳಿದು ಮುಂದಿನ ಸಾಲಿನ ಖಾಲಿ ಕುರ್ಚಿಯ ಬಳಿ ಬಂದು ನಿಂತರು. ನನ್ನಿಂದ ನಾಲ್ಕು ಮಾರು ದೂರ. ಸಭಾಧ್ಯಕ್ಷರು ‘ಹೇಳಿ, ಹೇಳಿ, ಬೇಗ ಹೇಳಿ’ ಎಂದರು. ಆ ಕುರ್ಚಿಯ ಮೈಕಿನ ದೀಪವೂ ಹತ್ತಿರಲಿಲ್ಲ. ಅವರು ಅದನ್ನು ನೋಡಲಿಲ್ಲ. ಕಣ್ಣು ಮುಚ್ಚಿದರು, ಗದ್ದ ಎತ್ತಿದರು.

ನಾನು ಪೆನ್ಸಿಲ್ ಎತ್ತಿ ಹಿಡಿದೆ.

‘ಈ ಉತ್ತರ ಸುಳ್ಳೈತಿ’ ಎಂದರು. ಒಂದೊಂದು ಶಬ್ದಕ್ಕೂ ನಿಂತು ನಿಂತು, ಸುತ್ತಲಿನ ಕೂಗಾಟದ ನಡುವೆ ಹೇಳಿದರು. ‘ಆ ನಳ ತಿರುವಿದ ಕೈ ನಂದೇ. ಅವತ್ತು ಟ್ಯಾಂಕರ್ ತಂದು ತೊಟ್ಟಿ ತುಂಬಿಸಿದ್ರು. ಹೊಳಿ ನೀರು ಬಂದಿಲ್ಲ. ಅದು ನನಗ…’

ಅಲ್ಲಿ ಸಿಕ್ಕಿಕೊಂಡರು. ಗ ಎಂಬ ಅಕ್ಷರದ ಮೇಲೆ ನಾಲ್ಕೈದು ಸಲ ತುಟಿ ನಡುಗಿತು. ಅಷ್ಟರಲ್ಲಿ ಘೋಷಣೆ ಕೂಗುತ್ತಿದ್ದ ಒಬ್ಬರು ನನ್ನ ಮೇಜನ್ನು ಜೋರಾಗಿ ಗುದ್ದಿದರು. ಅದೇ ಗಳಿಗೆಯಲ್ಲಿ ಅವರ ಶಬ್ದ ಹೊರಬಿತ್ತು. ‘ಗೊತ್ತಿತ್ತು.’

ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು. ಅವರು ಮರಳಿ ಹೋಗಿ ಕೂತರು. ಎರಡು ನಿಮಿಷಕ್ಕೆ ಸದನ ಮುಂದಕ್ಕೆ ಹೋಯಿತು. ಟಿವಿಯಲ್ಲಿ ಇಡೀ ಹೊತ್ತು ತೋರಿಸಿದ್ದು ಘೋಷಣೆ ಕೂಗುವವರನ್ನೇ.

ನಾನು ಒಳಗೆ ಹೋಗಿ ಟೈಪ್ ಮಾಡಿ ಕೊಟ್ಟೆ. ನಮ್ಮ ಮುಖ್ಯ ವರದಿಗಾರರು ಮೈಸೂರಿನವರು, ನಿವೃತ್ತಿಗೆ ಕೆಲವೇ ತಿಂಗಳಿದ್ದ ಮೆತ್ತನೆಯ ಮನುಷ್ಯ. ಹಾಳೆ ಓದಿ ಕನ್ನಡಕ ತೆಗೆದರು.

‘ಧ್ವನಿಮುದ್ರಣದಲ್ಲಿ ಇವರ ಮಾತೇ ಇಲ್ಲಮ್ಮ. ಬರೀ ಗಲಾಟೆ ಇದೆ. ನೀವು ಕೇಳಿಸಿಕೊಂಡಿರಾ?’

‘ಕೇಳಿಸಿಕೊಂಡೆ ಸರ್.’

‘ಸಭಾಧ್ಯಕ್ಷರು ಅನುಮತಿ ಕೊಟ್ಟಿದ್ದರೇ?’

‘ಹೇಳಿ ಎಂದು ಎರಡು ಸಲ ಅಂದರು. ಅದು ಧ್ವನಿಮುದ್ರಣದಲ್ಲೂ ಇದೆ.’

‘ಹಾಗಾದರೆ ಇದು ಕಡತಕ್ಕೆ ಹೋಗಲೇಬೇಕು’ ಎಂದು ಅವರು ಪ್ರತಿಯನ್ನು ಸದಸ್ಯರಿಗೆ ಕಳಿಸಿದರು. ಸದಸ್ಯರು ತಮ್ಮ ಭಾಷಣದ ಕರಡನ್ನು ನೋಡಿ ಭಾಷೆಯ ತಪ್ಪುಗಳನ್ನು ತಿದ್ದಬಹುದು. ಅರ್ಥ ಬದಲಿಸುವ ಹಾಗಿಲ್ಲ.

ಶನಿವಾರ ಮಧ್ಯಾಹ್ನ ಪ್ರತಿ ಮರಳಿ ಬಂತು. ಎಲ್ಲ ಹಾಗೆಯೇ ಇತ್ತು. ಒಂದು ಕಡೆ ಮಾತ್ರ ‘ಗೊತ್ತಿತ್ತು’ ಎಂಬುದರ ಮೇಲೆ ಅಡ್ಡಗೆರೆ ಎಳೆದು ‘ಗೊತ್ತಿರಲಿಲ್ಲ’ ಎಂದು ಬರೆದಿತ್ತು. ಅಕ್ಷರ ಬೇರೆ ಯಾರದೋ. ಕೆಳಗಿನ ಸಹಿ ಅವರದೇ.

ಮುಖ್ಯ ವರದಿಗಾರರು ಆ ಹಾಳೆ ನೋಡಿದರು. ‘ಅವರು ಗೊತ್ತಿರಲಿಲ್ಲ ಅಂದದ್ದೇ ನಿಜವಾದರೆ ಇದು ತಪ್ಪು ತಿದ್ದಿದ ಹಾಗೆ. ಅಲ್ಲದಿದ್ದರೆ ಕಡತ ತಿದ್ದಿದ ಹಾಗೆ. ಎರಡರಲ್ಲಿ ಯಾವುದು ಅನ್ನೋದು ನಿಮಗೊಬ್ಬರಿಗೇ ಗೊತ್ತು. ಸೋಮವಾರ ಬೆಳಿಗ್ಗೆ ಅವರನ್ನೇ ಕರೆಸೋಣ. ಅಲ್ಲಿಯವರೆಗೆ ಯಾರ ಹತ್ತಿರವೂ ಮಾತಾಡಬೇಡಿ’ ಎಂದರು. ನನ್ನ ನೋಟುಬುಕ್ಕನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅದನ್ನು ಕಚೇರಿಯಿಂದ ಹೊರಗೆ ಒಯ್ಯುವಂತಿಲ್ಲ.

ಹುಬ್ಬಳ್ಳಿ ದಾಟಿ ಗದಗ ಮುಟ್ಟುವವರೆಗೂ ನಾನು ಕಿಟಕಿಯ ಹೊರಗಿನ ಹತ್ತಿ ಹೊಲಗಳನ್ನು ನೋಡುತ್ತ ಆ ಒಂದು ಶಬ್ದವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಸಿಕೊಂಡೆ. ಶುಕ್ರವಾರ ಅನುಮಾನವೇ ಇರಲಿಲ್ಲ. ಅಣ್ಣಿಗೇರಿ ಬರುವಷ್ಟರಲ್ಲಿ ಅನುಮಾನ ಹುಟ್ಟಿತ್ತು. ಮೇಜು ಗುದ್ದಿದ ಸದ್ದಿನ ಹಿಂದೆ ಇನ್ನೂ ಎರಡಕ್ಷರ ಇದ್ದಿರಬಹುದೇ?

ಮನೆ ಹೊಕ್ಕಾಗ ತಮ್ಮ ಬಾಗಿಲಲ್ಲೇ ನಿಂತಿದ್ದ. ಒಳಗೆ ಅವನ ಎರಡು ಮಗ್ಗಗಳು ಬಂದಾಗಿದ್ದವು. ನಾನು ಚೀಲ ಇಡುವ ಮೊದಲೇ ಕೇಳಿದ.

‘ಅಕ್ಕಾ, ನೀ ಏನ್ ಬರದಿ?’

ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಖಬರು ನನಗಿಂತ ಮೊದಲೇ ಬೆಟಗೇರಿಗೆ ತಲುಪಿತ್ತು. ಗದಗದ ಹಿರಿಯರೊಬ್ಬರು ಅವನಿಗೆ ಫೋನು ಮಾಡಿದ್ದರು. ಅವರು ಮೇಲ್ಮನೆಯ ಸದಸ್ಯರು, ಅದೇ ಪಕ್ಷದವರು. ಆ ನೀರಿನ ಕಾಮಗಾರಿ ಮಾಡಿಸಿದ ಗುತ್ತಿಗೆದಾರ ಅವರ ಅಳಿಯ.

‘ನಾಳೆ ಮುಂಜಾನೆ ಮನಿಗೆ ಬರತಾರಂತ’ ಎಂದ ತಮ್ಮ. ‘ನೀ ಅವರ ಮುಂದ ಒರಟಾಗಿ ಮಾತಾಡಬ್ಯಾಡ. ಇವಳ ಬದಲಿ ಕಾಗದ ಅವರ ಕಡೆನೇ ಐತಿ.’

ಇವಳು ಎಂದರೆ ಅವನ ಹೆಂಡತಿ, ಶಾಲೆಯ ಶಿಕ್ಷಕಿ. ಮುಂಡರಗಿ ಕಡೆಯ ಹಳ್ಳಿಯೊಂದರಲ್ಲಿ ನೌಕರಿ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು, ಎರಡು ಬಸ್ಸು ಬದಲಿಸಿ, ಸಂಜೆ ಏಳಕ್ಕೆ ಮರಳುತ್ತಿದ್ದಳು. ಮೂರು ವರ್ಷದ ಮಗಳನ್ನು ಅವ್ವ ನೋಡಿಕೊಳ್ಳುತ್ತಿದ್ದಳು. ಬೆಟಗೇರಿಯ ಶಾಲೆಗೆ ವರ್ಗಾವಣೆ ಬೇಕೆಂದು ಎರಡು ವರ್ಷದಿಂದ ಅಲೆಯುತ್ತಿದ್ದಳು.

ಭಾನುವಾರ ಒಂಬತ್ತಕ್ಕೆ ಹಿರಿಯರು ಬಂದರು. ಬಿಳಿ ಕಾರು ಓಣಿಯಲ್ಲಿ ಹಿಡಿಸದೆ ಆಚೆ ನಿಂತಿತು. ಅವ್ವ ಜಮಖಾನೆ ಹಾಸಿದಳು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯ ಸೆರಗನ್ನು ಮುಟ್ಟಿ ನೋಡಿ, ‘ಏನ್ ಚಂದ ನೇಯ್ದೀಯೋ ತಮ್ಮಾ’ ಎಂದರು. ಚಹಾ ಕುಡಿದರು. ಮಗುವನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

‘ತಂಗೀ, ನಮ್ಮ ಹುಡುಗ ಪಾಪ, ಮಾತು ಬರೂದಿಲ್ಲ. ನಿಮಗ ಗೊತ್ತ ಐತಿ. ಗೊತ್ತಿರಲಿಲ್ಲ ಅನ್ನಾಕ ಹೋಗಿ ಅರ್ಧಕ್ಕ ನಿಂತೈತಿ. ಅಷ್ಟs.’

ನಾನು ಅವರ ಚಹಾದ ಲೋಟ ತೆಗೆದು ಬದಿಗಿಟ್ಟೆ.

‘ಗೊತ್ತಿತ್ತು ಅಂತ ಪುಸ್ತಕದಾಗ ಉಳದ್ರ ಅವನ ಕತಿ ಮುಗೀತು. ವಿರೋಧದವರು ಬಿಡ್ತಾರೇನು? ಜನ ಬಿಡ್ತಾರೇನು? ಗೊತ್ತಿದ್ದೂ ನಳ ತಿರುವಿದ ಅಂತ ಕಲ್ಲ ಒಗೀತಾರ. ನೀವು ಅವನ್ನ ಉಳಸಬೇಕು. ನೀವು ಒಂದ ಕ್ಲಾಸಿನ್ಯಾಗ ಕಲತವರು.’

‘ನನ್ನ ಕೈಯಾಗ ಏನೂ ಇಲ್ರಿ. ಸೋಮವಾರ ಸಾಹೇಬ್ರು ನೋಡ್ತಾರ’ ಎಂದೆ.

‘ನಿಮ್ಮ ಸಾಹೇಬ್ರು ನಿಮ್ಮನ್ನs ಕೇಳ್ತಾರ. ನೀವು ಸರಿಯಾಗಿ ಕೇಳಿಸಿರಲಿಲ್ಲ ಅಂದ್ರ ಆತು. ಅದು ಸುಳ್ಳೂ ಅಲ್ಲ. ಅಷ್ಟು ಗದ್ಲದಾಗ ಯಾರಿಗೆ ಕೇಳಸ್ತೈತಿ?’ ಅವರು ಮಗುವನ್ನು ಕೆಳಗಿಳಿಸಿ ಎದ್ದರು. ಹೊಸ್ತಿಲಲ್ಲಿ ನಿಂತು ತಮ್ಮನ ಹೆಂಡತಿಯ ಕಡೆ ನೋಡಿ, ‘ನಿನ್ನ ಕಾಗದ ನನ್ನ ಟೇಬಲ್ ಮ್ಯಾಲೆ ಐತವ್ವಾ, ಮರತಿಲ್ಲ’ ಎಂದು ಹೇಳಿ ಹೋದರು. ಧ್ವನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ತಮ್ಮನ ಹೆಂಡತಿಯ ಬಳಿ ಹೋಗಿ ನಿಂತೆ.

‘ಆ ಊರು ನಿಮ್ಮ ಶಾಲಿಯಿಂದ ಎಷ್ಟು ದೂರ?’

‘ಮುಂದಿನ ಊರs ಅದು’ ಎಂದಳು. ‘ಆ ನಳದಾಗ ಒಂದ ಹನಿ ಬರೂದಿಲ್ರಿ ಅಕ್ಕಾ. ಉದ್ಘಾಟನಿ ದಿನ ನಾ ಬಸ್ಸಿನ್ಯಾಗಿಂದ ನೋಡೀನಿ, ಟ್ಯಾಂಕರ್ ನಿಂತಿತ್ತು. ಹೆಣ್ಣಮಕ್ಕಳು ಈಗೂ ಹೊಳಿಗೆ ಹೋಗತಾರ.’

‘ಮತ್ತ ನಾ ಏನ್ ಮಾಡಲಿ, ಹೇಳು.’

ಅವಳು ಹಿಂಡಿದ ಸೀರೆಯನ್ನು ಹಾಗೇ ಹಿಡಿದುಕೊಂಡು ನಿಂತಳು. ಕಣ್ಣಲ್ಲಿ ನೀರಿತ್ತು. ‘ಎಲ್ಲಾ ಖರೇನs ಐತ್ರಿ. ಆದ್ರ ನನಗ ಬದಲಿ ಬೇಕು. ನನ್ನ ಮಗಳು ನನಗ ಅವ್ವಾ ಅನ್ನೂದಿಲ್ಲ, ಅತ್ತಿಯವರಿಗೆ ಅವ್ವಾ ಅಂತಾಳ.’

ಸೀರೆಯ ಇನ್ನೊಂದು ತುದಿ ಹಿಡಿದು ಅವಳ ಜೊತೆ ಹರವಿದೆ. ಸಂಜೆಯ ರೈಲಿಗೆ ಹೊರಟಾಗ ತಮ್ಮ ಸ್ಟೇಷನ್ನಿಗೆ ಬರಲಿಲ್ಲ. ಅವ್ವ ರೊಟ್ಟಿಯ ಗಂಟು ಕೊಡುತ್ತ, ‘ನಿನಗ ಕೇಳಿಸಿದ್ದು ಕೇಳಿಸೈತಿಲ್ಲೋ?’ ಎಂದಷ್ಟೇ ಕೇಳಿದಳು. ಹೌದು ಎನ್ನಲು ಬಾಯಿ ಬರಲಿಲ್ಲ. ಆಗಲೇ ನನಗೆ ಖಾತ್ರಿ ಹೋಗಿತ್ತು.

ಸೋಮವಾರ ಮುಖ್ಯ ವರದಿಗಾರರು ಕಪಾಟಿನ ಬೀಗ ತೆಗೆದು ನೋಟುಬುಕ್ಕು ಕೈಗಿತ್ತರು. ಹಾಳೆ ತಿರುವಿ ನೋಡಿದೆ. ನಮ್ಮ ಲಿಪಿಯಲ್ಲಿ ‘ಗೊತ್ತಿತ್ತು’ ಎಂದಿದ್ದರೆ ಗೀಟಿನ ಕೊನೆಗೆ ಸಣ್ಣ ಕೊಕ್ಕೆ ಇರಬೇಕು. ‘ಗೊತ್ತಿರಲಿಲ್ಲ’ ಎಂದಿದ್ದರೆ ಉದ್ದನೆಯ ಬಾಲ. ನನ್ನ ಗೀಟಿಗೆ ಎರಡೂ ಇರಲಿಲ್ಲ. ಮೇಜು ಗುದ್ದಿದಾಗ ಪೆನ್ಸಿಲು ಜಾರಿ ಹಾಳೆಯ ಅಂಚಿನವರೆಗೆ ಒಂದು ವಕ್ರ ಗೆರೆ ಎಳೆದಿತ್ತು. ಶುಕ್ರವಾರ ಮಾತು ಕಿವಿಯಲ್ಲಿ ಹಸಿಯಾಗಿದ್ದರಿಂದ ಗೀಟನ್ನು ಗಮನಿಸದೆ ನೆನಪಿನಿಂದಲೇ ಟೈಪ್ ಮಾಡಿದ್ದೆ. ಹಾಳೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆ.

‘ಏನಾಯಿತಮ್ಮ?’ ಎಂದರು ಮುಖ್ಯ ವರದಿಗಾರರು.

ಮುಚ್ಚಿಡಬಹುದಿತ್ತು. ಅವರಿಗೆ ಕನ್ನಡ ಶೀಘ್ರಲಿಪಿ ಓದಲು ಬರುತ್ತಿತ್ತಾದರೂ, ಇನ್ನೊಬ್ಬರ ಕೈಬರಹವನ್ನು ಪೂರ್ತಿ ಬಿಡಿಸುವುದು ಯಾರಿಗೂ ಸುಲಭವಲ್ಲ. ಆದರೂ ತೋರಿಸಿಬಿಟ್ಟೆ. ‘ಸರ್, ಇಲ್ಲಿ ಗೀಟು ಕೆಟ್ಟಿದೆ. ನನಗೆ ಗೊತ್ತಿತ್ತು ಎಂದೇ ಕೇಳಿಸಿತು. ಆದರೆ ಪುಸ್ತಕದಲ್ಲಿ ಸಾಕ್ಷಿ ಇಲ್ಲ.’

ಅವರು ತಲೆಯಾಡಿಸಿದರು. ಅಷ್ಟರಲ್ಲಿ ಬಾಗಿಲು ತೆರೆದು ಇಬ್ಬರು ಒಳಗೆ ಬಂದರು. ಮುಂದೆ ಗದಗದ ಹಿರಿಯರು, ಹಿಂದೆ ನಮ್ಮ ಸದಸ್ಯರು. ಸದಸ್ಯರ ಮುಖ ಬಾಡಿತ್ತು. ಮೂರು ದಿನ ನಿದ್ದೆ ಮಾಡಿರಲಿಲ್ಲವೇನೋ. ನನ್ನ ಕಡೆ ನೋಡಲಿಲ್ಲ.

ಮುಖ್ಯ ವರದಿಗಾರರು ಎದ್ದು ನಿಂತು ವಿನಯದಿಂದಲೇ ಹೇಳಿದರು. ‘ಸರ್, ಒಂದು ಶಬ್ದದ ಬಗ್ಗೆ ನಮಗೆ ಸ್ಪಷ್ಟವಾಗಬೇಕು. ಶುಕ್ರವಾರ ನೀವು ಸದನದಲ್ಲಿ ಏನು ಅಂದಿರಿ? ಏನು ಅನ್ನಬೇಕು ಅಂತಿದ್ದಿರಿ ಎಂದಲ್ಲ. ಏನು ಅಂದಿರಿ, ಅಷ್ಟೇ.’

‘ಗೊತ್ತಿರಲಿಲ್ಲ ಅಂದಾರ’ ಎಂದರು ಹಿರಿಯರು. ‘ಸಹಿ ಮಾಡ್ಯಾರಲ್ಲ, ಮತ್ತೇನ್ರಿ?’

‘ಮಾನ್ಯ ಸದಸ್ಯರೇ ಹೇಳಿದರೆ ಒಳ್ಳೆಯದು.’

ಸದಸ್ಯರು ಬಾಯಿ ತೆರೆದರು. ‘ನನಗ…’ ಎಂದರು. ಕಣ್ಣು ಮುಚ್ಚಿದರು. ಗಂಟಲಿನ ನರ ಉಬ್ಬಿತು. ಗ, ಗ, ಗ ಎಂದು ಅದೇ ಅಕ್ಷರದ ಮೇಲೆ ನಿಂತರು.

‘ಗೊತ್ತಿರಲಿಲ್ಲ, ಅಷ್ಟs’ ಎಂದು ಹಿರಿಯರು ಅವರ ಹೆಗಲ ಮೇಲೆ ಕೈಯಿಟ್ಟರು.

ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. ನಾನು ನೌಕರಿಯವಳು, ಅವರು ಮೇಲ್ಮನೆಯ ಸದಸ್ಯರು. ‘ಅವರು ಮುಗಸ್ಲಿ ಬಿಡ್ರಿ’ ಎಂದೆ. ‘ಕಾಯೋಣ್ರಿ.’

ಹಿರಿಯರು ನನ್ನ ಕಡೆ ತಿರುಗಿದರು. ಮುಖ್ಯ ವರದಿಗಾರರು ಕೈಕಟ್ಟಿ ನಿಂತಿದ್ದರು. ನಾವು ಕಾದೆವು. ಅರ್ಧ ನಿಮಿಷವಿರಬಹುದು, ನನಗೆ ಒಂದು ತಾಸು ಅನಿಸಿತು. ಅವರು ಏನು ಹೇಳುತ್ತಾರೆಂದು ನನಗೆ ನಿಜವಾಗಿಯೂ ತಿಳಿದಿರಲಿಲ್ಲ. ಗೊತ್ತಿರಲಿಲ್ಲ ಎಂದುಬಿಟ್ಟರೆ ಎಲ್ಲರೂ ಮನೆಗೆ ಹೋಗಬಹುದು, ತಮ್ಮನ ಹೆಂಡತಿ ಬೆಟಗೇರಿಯ ಶಾಲೆಗೆ ಬರಬಹುದು ಎಂಬ ಆಸೆಯೂ ಆ ಅರ್ಧ ನಿಮಿಷದಲ್ಲಿ ನನ್ನೊಳಗೆ ಸುಳಿಯಿತು. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ತಪ್ಪಾಗುತ್ತದೆ.

‘ಗೊ… ಗೊತ್ತಿ…’ ಎಂದರು. ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದರು. ಕಣ್ಣು ತೆರೆದರು. ‘ಗೊತ್ತಿತ್ತು. ಗೊತ್ತಿತ್ತು ಅಂತs ಅಂದೀನಿ. ಬರಕೋರಿ.’

ತಾವೇ ಹಾಳೆ ಎಳೆದುಕೊಂಡು, ತಿದ್ದಿದ್ದನ್ನು ಹೊಡೆದುಹಾಕಿ, ಮತ್ತೊಮ್ಮೆ ಸಹಿ ಮಾಡಿದರು. ಹಿರಿಯರು ಹೊರಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದಿಗೆ ನಾನು ಬೆಚ್ಚಿದೆ.

ಆಮೇಲೆ ಆದದ್ದೆಲ್ಲ ಹಿರಿಯರು ಹೇಳಿದ ಹಾಗೆಯೇ ಆಯಿತು. ವಾರದೊಳಗೆ ವಿರೋಧ ಪಕ್ಷದವರು ಆ ಹಾಳೆ ಹಿಡಿದು ಗಲಾಟೆ ಮಾಡಿದರು. ಸದಸ್ಯರನ್ನು ಇದ್ದ ಒಂದು ಸಮಿತಿಯಿಂದ ತೆಗೆದರು. ಅವರ ಪಕ್ಷದವರು ಮೊಗಸಾಲೆಯಲ್ಲಿ ಅವರ ಜೊತೆ ಚಹಾ ಕುಡಿಯುವುದನ್ನು ನಿಲ್ಲಿಸಿದರು. ಉಳಿದ ಒಂದೂವರೆ ವರ್ಷ ಅವರು ಒಬ್ಬರೇ ಬಂದು ಒಬ್ಬರೇ ಹೋಗುತ್ತಿದ್ದರು. ಆದರೆ ಈಗ ಆಗಾಗ ಎದ್ದು ಮಾತಾಡುತ್ತಿದ್ದರು. ಕೆಲವರು ನಗುತ್ತಿದ್ದರು. ಒಂದು ಸಲ ಸಭಾಧ್ಯಕ್ಷರೇ ನಗುವವರನ್ನು ಗದರಿದರು. ಮುಂದಿನ ಚುನಾವಣೆಗೆ ಟಿಕೆಟ್ ಸಿಗಲಿಲ್ಲ.

ತಮ್ಮನ ಹೆಂಡತಿಯ ಕಾಗದ ಹಿರಿಯರ ಟೇಬಲ್ಲಿನಿಂದ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳು ಇನ್ನೂ ಎರಡು ವರ್ಷ ಆ ಬಸ್ಸುಗಳಲ್ಲೇ ತಿರುಗಿದಳು. ತಮ್ಮ ನಾಲ್ಕು ತಿಂಗಳು ನನ್ನ ಫೋನು ಎತ್ತಲಿಲ್ಲ. ಯುಗಾದಿಗೆ ಹೋದಾಗ ಬೇವು ಬೆಲ್ಲ ಕೊಟ್ಟ, ಮಾತಾಡಲಿಲ್ಲ. ಕೊನೆಗೆ ಮಾತು ಶುರುವಾದದ್ದು ಅವ್ವನ ಕಣ್ಣಿನ ಆಪರೇಷನ್ ದಿನ, ಅದೂ ಔಷಧದ ಚೀಟಿಯ ಬಗ್ಗೆ. ತಮ್ಮನ ಹೆಂಡತಿ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಸ್ವಯಂ ನಿವೃತ್ತಿಯ ನಂತರ ಕಳೆದ ವರ್ಷ ಒಂದು ಮದುವೆಗೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಹೂವು ಕೊಳ್ಳುತ್ತಿದ್ದಾಗ ಅವರು ಎದುರಾದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮತ್ತೆ ಅರ್ಜಿ ಬರೆಯುತ್ತಿದ್ದರಂತೆ, ಈಗ ಕಂಪ್ಯೂಟರಿನಲ್ಲಿ. ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೆವು. ಆ ಮೊದಲಿನ ಸಹಿಯ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನೀರು ಬರದ ಆ ಹಳ್ಳಿಗೆ ಆಮೇಲೆ ಹೋಗಿದ್ದಿರೇ ಎಂದಷ್ಟೇ ಕೇಳಿದೆ.

‘ಮುಂದಿನ ವಾರಾನs ಹೋದೆ’ ಎಂದರು. ಅವರ ಮಾತಿನ ನಡುವಿನ ನಿಲುಗಡೆಗಳನ್ನು ಇಲ್ಲಿ ಬರೆಯುತ್ತಿಲ್ಲ. ‘ಹಾರ ಹಾಕ್ತಾರ ಅಂತ ಯಾರೋ ಅಂದಿದ್ರು. ಹೆಣ್ಣಮಕ್ಕಳು ಕೊಡ ಹಿಡಕೊಂಡು ಸುತ್ತಗಟ್ಟಿ ನಿಂತ್ರು. ಒಬ್ಬಾಕಿ ಮುದುಕಿ ಕೇಳಿದ್ಲು, ಗೊತ್ತಿದ್ದೂ ಯಾಕ ಬಂದಿದ್ಯೋ ಅವತ್ತ, ಅಂತ.’

‘ಏನಂದ್ರಿ?’

‘ಏನೂ ಅನ್ನಾಕ ಬರಲಿಲ್ಲ. ಬಾಯಿ ಬಂದ್ರೂ ಅಷ್ಟs ಆಗತಿತ್ತು.’ ಅವರು ಲೋಟ ಕೆಳಗಿಟ್ಟರು. ‘ಎಂಜಿನಿಯರ್ ಬರೂತನಕ ನನ್ನ ಬಿಡಲಿಲ್ಲ. ಗುಡಿ ಕಟ್ಟಿ ಮ್ಯಾಲೆ ಕುಂಡ್ರಿಸಿದ್ರು. ಮಧ್ಯಾಹ್ನ ಊಟಕ್ಕ ಕೊಟ್ರು, ಆದ್ರ ಬಿಡಲಿಲ್ಲ. ಸಂಜಿಗೆ ಎಂಜಿನಿಯರ್ ಬಂದ, ಪೈಪ್ ಎಲ್ಲಿ ಒಡದೈತಿ ಅಂತ ಅವರs ತೋರಿಸಿದ್ರು.’

‘ಈಗ ನೀರು ಬರತೈತೇನ್ರಿ?’

‘ಕೆಳಗಿನ ಓಣಿಗೆ ಬರತೈತಿ, ಎರಡು ದಿನಕ್ಕೊಮ್ಮಿ. ಮ್ಯಾಲಿನ ಓಣಿಗೆ ಏರೂದಿಲ್ಲ. ಅದಕ್ಕ ಇನ್ನೊಂದು ಮೋಟಾರ್ ಬೇಕು. ಅರ್ಜಿ ನಾನs ಬರಕೊಟ್ಟೀನಿ.’

ಶಿಗ್ಲಿಯ ಬಸ್ಸು ಬಂದು ನಿಂತಿತು. ಅಲ್ಲಿ ಯಾರದೋ ಜಮೀನಿನ ಕಾಗದ ನೋಡಬೇಕಿದೆ ಎಂದು ಅವರು ಅವಸರದಿಂದ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ನಾನು ಹೂವಿನ ಪೊಟ್ಟಣ ಹಿಡಿದು ಮದುವೆಯ ಮನೆಯ ದಾರಿ ಕೇಳುತ್ತ ನಡೆದೆ.